ದೊಡ್ಡ ಪಿಟೀಲಿಗೆ ಆಯುಧಪೂಜೆ

ಆರ್‌ಪಿಸಿ ಲೇಔಟ್, ವಿಜಯನಗರ
22 ಸೆಪ್ಟೆಂಬರ್ 2024

ಬಿಂದು,

ಆಯ್ತು ಕಣಮ್ಮ, ಇನ್ಮೇಲೆ ಫೋನ್ ಮಾಡಲ್ಲ. ವಾಯ್ಸ್ ಮೆಸೇಜೂ ಕಳಿಸಲ್ಲ. ನಿನ್ನ ಕಾಗದ ಓದಿದ ಮೇಲೆ ಮೊನ್ನೆದೆಲ್ಲ ಅರ್ಥ ಆಯ್ತು. ನಾನು ಫೋನಲ್ಲಿ ಅಷ್ಟು ಒಳ್ಳೆ ಜೋಕ್ ಹೇಳಿದ್ರೆ ನೀನು ಬರೀ "ಹೂಂ, ಹೂಂ" ಅಂತಿದ್ದೆ. ಜೋಕ್ ಹಳಸಿರಬೇಕು ಅಂದ್ಕೊಂಡೆ. ಕಿವಿಗೇ ಬಿದ್ದಿಲ್ಲ ಅಂತ ಯಾರಿಗೆ ಗೊತ್ತು!

ಬಲಗಿವಿ ವಿಷಯ ಯಾರಿಗೂ ಹೇಳ್ಬೇಡ ಅಂದಿದೀಯ. ಹೇಳಲ್ಲ. ನಿಮ್ಮ ಅತ್ತಿಗೆಗೂ ಹೇಳಿಲ್ಲ. ಲತಾ ಮಾರೇನಹಳ್ಳಿ ಮಾರ್ಕೆಟ್ಟಲ್ಲಿ ಸೊಪ್ಪು ಆರಿಸ್ತಾ ಆರಿಸ್ತಾನೇ ಎಲ್ಲ ಬಿಟ್ಕೊಟ್ಬಿಡ್ತಾಳೆ. ವಾಟ್ಸಾಪಲ್ಲಿ ಬರೆಯೋಣ ಅಂದ್ರೆ ನಂಗೆ ಮೊಬೈಲಲ್ಲಿ ಕನ್ನಡ ಒತ್ತೋಕೆ ಬರಲ್ಲ. ಮಗಳು ಸಿಂಚನಾ ಹತ್ರ ಕೊಡ್ಬೇಕು, ಅವಳು ಓದ್ಬಿಡ್ತಾಳೆ. ನಾನು ಓದಿರೋದು ಏಳನೇ ಕ್ಲಾಸು, ಅದನ್ನೂ ಚೆನ್ನಾಗಿ ತಲೆಗೆ ಹತ್ಲಿ ಅಂತ ಎರಡು ಸಲ ಓದ್ದೆ. ಅಕ್ಷರ ಸೊಟ್ಟ ಇದ್ರೆ ಕಾಗದಾನೇ ಸೊಟ್ಟ ಹಿಡ್ಕೊಂಡು ಓದ್ಕೊ.

ಪೋಸ್ಟಾಫೀಸಲ್ಲಿ ಇನ್‌ಲ್ಯಾಂಡ್ ಲೆಟರ್ ಕೊಡಿ ಅಂದೆ. ಕೌಂಟರಲ್ಲಿದ್ದ ಹುಡುಗಿ ನನ್ನನ್ನ ಮ್ಯೂಸಿಯಮ್ಮಿಂದ ತಪ್ಪಿಸ್ಕೊಂಡು ಬಂದೋನ ಥರ ನೋಡಿದ್ಲು.

ಅಂಗಡೀಲಿ ಏನೂ ಕೆಲಸ ಇಲ್ಲ. ಪಿತೃಪಕ್ಷ ಅಲ್ವಾ, ಶಾಮಿಯಾನ ಕೇಳೋರೇ ಇಲ್ಲ. ಕುರ್ಚಿಗಳೆಲ್ಲ ಒಂದ್ರ ಮೇಲೊಂದು ಕೂತ್ಕೊಂಡು ತೂಕಡಿಸ್ತಿವೆ. ನಿನ್ನ ಹಳೇ ಚೆಲ್ಲೋ, ಅದೇ ನಮ್ಮ ದೊಡ್ಡ ಪಿಟೀಲು, ಮಹಡಿ ರೂಮಲ್ಲಿ ಅದರ ಪೆಟ್ಟಿಗೇಲಿ ಹಾಯಾಗಿದೆ.

ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ಕಿವಿ ಹಿಂಗಾದ್ರೆ ನಿನ್ನ ಆರ್ಕೆಸ್ಟ್ರಾದಲ್ಲಿ ಇಟ್ಕೊತಾರಾ?

ನಿನ್ನ ಅಣ್ಣ,
ಸಂಪತ್


ಮುಂಬೈ
4 ಅಕ್ಟೋಬರ್ 2024

ಅಣ್ಣ,

ನಿನ್ನ ಕಾಗದ ಓದಿ ಜೋರಾಗಿ ನಕ್ಕೆ. ನನ್ನ ನಗು ನನಗೇ ಎಡಗಡೆಯಿಂದ ಮಾತ್ರ ಕೇಳಿಸಿತು. ಅಲ್ಲಿಗೆ ನಿಲ್ಲಿಸಿದೆ.

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಮೂರು ವರ್ಷಕ್ಕೊಮ್ಮೆ ಎಲ್ಲರನ್ನೂ ಮತ್ತೆ ಪರೀಕ್ಷೆ ಮಾಡುತ್ತಾರೆ. ಪರದೆಯ ಹಿಂದೆ ಕೂತು ಒಬ್ಬೊಬ್ಬರೇ ನುಡಿಸಬೇಕು. ಈ ಸಲದ್ದು ಫೆಬ್ರವರಿಯಲ್ಲಿ. ಅದರಲ್ಲಿ ಎಡವಿದರೆ ಹನ್ನೊಂದು ವರ್ಷ ಕೂತ ಕುರ್ಚಿ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, ಎಲ್ಲರ ಎದುರು ಹೋಗುತ್ತದೆ.

ಡಾಕ್ಟರು ಬಲಗಿವಿಯ ಕೇಳುವ ಶಕ್ತಿ ಇಳಿದಿದೆ, ಎಡಗಿವಿ ಇನ್ನೂ ಗಟ್ಟಿಯಾಗಿದೆ ಎನ್ನುತ್ತಾರೆ. ಅವರ ಯಂತ್ರ ಬರೀ ಕೀ ಕೀ ಸದ್ದು ಮಾಡುತ್ತದೆ. ಸಂಗೀತ ಕೀ ಕೀ ಅಲ್ಲವಲ್ಲ. ಪಕ್ಕದಲ್ಲಿ ಮಧ್ವೇಶ್ ಅಂತ ಒಬ್ಬ ಚೆಲ್ಲೋ ನುಡಿಸುತ್ತಾನೆ. ಅವನ ಕಮಾನು ತಿರುಗಿದಾಗ ನನ್ನದೂ ತಿರುಗುತ್ತದೆ. ನಾನೀಗ ಕೇಳಿ ನುಡಿಸುತ್ತಿದ್ದೇನೋ, ನೋಡಿ ನುಡಿಸುತ್ತಿದ್ದೇನೋ ನನಗೇ ಗೊತ್ತಾಗುತ್ತಿಲ್ಲ. ಆರ್ಕೆಸ್ಟ್ರಾದವರು ಕೊಟ್ಟಿರುವ ಈ ಚೆಲ್ಲೋದ ದನಿ ಹೊಸದು. ಅದು ಮಂಕಾಗಿದೆಯೋ, ನಾನು ಮಂಕಾಗಿದ್ದೇನೋ ಹೇಗೆ ಹೇಳಲಿ?

ನನಗೆ ಗೊತ್ತಿರುವ ದನಿ ಒಂದೇ. ನನಗೆ ಕಲಿಸಿದ ಸ್ವಾಮಿದಾಸ್ ಮೇಷ್ಟ್ರು ಕೊಟ್ಟುಹೋದ ಆ ಮಹಡಿಯ ಚೆಲ್ಲೋದ್ದು. ಅಪ್ಪನ ಜೊತೆ ಚರ್ಚಿನ ಹಾಲ್‌ಗೆ ಕುರ್ಚಿ ಹಾಕಲು ಹೋದಾಗ ನಾನು ಮೊದಲು ಕೇಳಿದ್ದು ಅದನ್ನೇ. ಚೆನ್ನೈ ಸ್ಟುಡಿಯೋಗಳಲ್ಲಿ ಹಾಡುಗಳಿಗೆ ನುಡಿಸಿದ್ದೂ ಅದನ್ನೇ. ಕೀಬೋರ್ಡು ಬಂದು ನಮ್ಮನ್ನು ಕರೆಯುವುದು ನಿಂತಾಗ ಮನೆಯಲ್ಲಿ ಎರಡು ವರ್ಷ ಸಾಧನೆ ಮಾಡಿದ್ದೂ ಅದರಲ್ಲೇ. ಆ ದಪ್ಪ ತಂತಿ ಮೊಳಗಿದರೆ ನನ್ನ ಎದೆಯ ಎಲುಬಿಗೆ ಗೊತ್ತಾಗುತ್ತದೆ.

ಸಂಕ್ರಾಂತಿಗೆ ಬರುತ್ತೇನೆ. ಒಮ್ಮೆ ಅದನ್ನು ನುಡಿಸುತ್ತೇನೆ. ಮೊದಲಿನ ಹಾಗೆ ಕೇಳಿಸಿದರೆ ಧೈರ್ಯವಾಗಿ ಪರೀಕ್ಷೆಗೆ ಕೂರುತ್ತೇನೆ. ಕೇಳಿಸದಿದ್ದರೆ ಅವರು ಕಳಿಸುವ ಮೊದಲು ನಾನೇ ಎದ್ದು ಬರುತ್ತೇನೆ.

ಅಲ್ಲಿಯವರೆಗೆ ದಯವಿಟ್ಟು ಅದನ್ನು ಮುಟ್ಟಬೇಡ ಅಣ್ಣ. ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ನನಗೆ ಗೊತ್ತು.

ಬಿಂದು


ಆರ್‌ಪಿಸಿ ಲೇಔಟ್
14 ಅಕ್ಟೋಬರ್ 2024

ಬಿಂದು,

ಹಬ್ಬ ಮುಗೀತು. ಮುಟ್ಟಬೇಡ ಅಂತ ನೀನು ಬರೆದಿದ್ದು ಹಬ್ಬದ ಹಿಂದಿನ ದಿನ ಕೈಗೆ ಸಿಕ್ತು. ಆಯುಧಪೂಜೆ ನಮ್ಮಂಗಡೀಲಿ ಹೆಂಗೆ ಅಂತ ನಿಂಗೆ ಗೊತ್ತೇ ಇದೆ. ಹಿಂದಿನ ಸಂಜೆ ಅಂಗಡೀಲಿರೋ ಒಂದೊಂದು ಹಗ್ಗಾನೂ ಬಿಚ್ಚಿಬಿಡ್ಬೇಕು. ಅಪ್ಪ ಹೇಳ್ತಿದ್ರಲ್ಲ, "ವರ್ಷ ಪೂರ್ತಿ ಬಿಗ್ಸಿರ್ತೀವಿ ಕಣೋ, ಒಂದು ರಾತ್ರಿ ಅವೂ ಉಸಿರು ಬಿಡ್ಲಿ" ಅಂತ. ಟೆಂಪೋ ಮೇಲಿಂದೂ ಬಿಚ್ಚಿದ್ವಿ. ಬಟ್ಟೆ ಒಣಗೋ ಹಗ್ಗಾನೂ ಬಿಚ್ಚಿದೆ, ಲತಾ ಒದ್ದೆ ಸೀರೆ ಹಿಡ್ಕೊಂಡು ನಿಂತು ನನಗೇ ಮಂಗಳಾರತಿ ಮಾಡಿದ್ಲು.

ಕುಂಬಳಕಾಯಿ ಒಡೆದಾಗ ಪಕ್ಕದ ಮನೆ ಮುನಿರಾಮಯ್ಯನೋರ ಬಿಳಿ ಪಂಚೆ ಮೇಲೆ ಕುಂಕುಮದ ನೀರು ಹಾರ್ತು. "ಏನಯ್ಯಾ ಸಂಪತ್ತು, ಈ ವಯಸ್ಸಲ್ಲಿ ನಂಗೆ ಓಕುಳಿನಾ?" ಅಂದ್ರು. "ತಾತ, ನಿಮಗೂ ಪೂಜೆ ಆಯ್ತು, ಇನ್ನೊಂದ್ ವರ್ಷ ಸರ್ವಿಸ್ ಬೇಕಾಗಲ್ಲ" ಅಂದೆ.

ನಿನ್ನ ದೊಡ್ಡ ಪಿಟೀಲಿಗೂ ಪೂಜೆ ಆಯ್ತು. ಗಾಬರಿ ಆಗ್ಬೇಡ. ಪೆಟ್ಟಿಗೆಗೆ ಒಂದು ಬೊಟ್ಟು, ಒಂದು ಚೆಂಡುಹೂವು, ಅಷ್ಟೇ. ನಿನ್ನ ಕಿವಿ ಹೆಸರಲ್ಲಿ ಒಂದು ತೆಂಗಿನಕಾಯಿ ಜಾಸ್ತಿ ಒಡೆದೆ. "ಇದ್ಯಾರಿಗೆ ಎಕ್ಸ್‌ಟ್ರಾ?" ಅಂದ್ಲು ಲತಾ. "ಬಿಟ್ಟಿ ಚಟ್ನಿಗೆ" ಅಂದೆ.

ಸಂಕ್ರಾಂತಿಗೆ ಬಾ. ಧೈರ್ಯವಾಗಿರು.

ಸಂಪತ್


ಮುಂಬೈ
19 ಡಿಸೆಂಬರ್ 2024

ಅಣ್ಣ,

ಎರಡು ತಿಂಗಳಾಯಿತು, ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಹೋದ ವಾರದ ಕಛೇರಿಯಲ್ಲಿ ಒಂದು ಕಡೆ ಎಲ್ಲರೂ ನಿಲ್ಲಿಸುತ್ತಾರೆ, ಎರಡು ಉಸಿರು ಮೌನ, ಆಮೇಲೆ ಚೆಲ್ಲೋಗಳು ಮಾತ್ರ ತೀರಾ ಮೆಲ್ಲಗೆ ಎದ್ದು ಬರಬೇಕು. ನನಗೆ ಇಡೀ ಸಂಗೀತದಲ್ಲೇ ಪ್ರೀತಿಯ ಜಾಗ ಅದು. ಈ ಸಲ ಮೌನ ಎಲ್ಲಿ ಮುಗಿಯಿತು, ನಾವು ಎಲ್ಲಿ ಶುರುವಾದೆವು ಗೊತ್ತಾಗಲಿಲ್ಲ. ಮಧ್ವೇಶನ ಮೊಣಕೈ ನೋಡಿಕೊಂಡು ಸೇರಿಕೊಂಡೆ. ಆಮೇಲೆ ಅವನು, "ಮೇಡಂ, ಇವತ್ತು ಸುಸ್ತಾ?" ಎಂದ. ಅವನು ಬುದ್ಧಿವಂತ. ಇನ್ನು ಹೆಚ್ಚು ದಿನ ಮುಚ್ಚಿಡಲು ಆಗುವುದಿಲ್ಲ.

ಹದಿಮೂರಕ್ಕೆ ಬಂದು ಹದಿನಾರಕ್ಕೆ ಹೊರಡುತ್ತೇನೆ. ಅತ್ತಿಗೆಗೆ ಎಳ್ಳುಬೆಲ್ಲ ಬಿಟ್ಟು ಬೇರೇನೂ ಮಾಡಬೇಡಿ ಎಂದು ಹೇಳು. ನುಡಿಸುವಾಗ ನೀನು ಎದುರಿಗೆ ಕೂರಬೇಕು. ಆ ಚೆಲ್ಲೋವನ್ನು ನನ್ನಷ್ಟೇ ಕೇಳಿದವನು ನೀನೊಬ್ಬನೇ.

ಬಿಂದು


ಆರ್‌ಪಿಸಿ ಲೇಔಟ್
20 ಜನವರಿ 2025

ಬಿಂದು,

ಇದೇನೇ ನೀನು? ಹದಿನಾರಕ್ಕೆ ಅಂದೋಳು ಹಬ್ಬದ ಮಾರನೇ ದಿನ ಬೆಳಗ್ಗೇನೇ ಬ್ಯಾಗ್ ಎತ್ಕೊಂಡು ಹೊರಟ್ಬಿಟ್ಯಲ್ಲ. ಲತಾ ಅವರೆಕಾಳು ಹಿಚುಕಿ ಇಟ್ಟಿದ್ಲು. "ನಾನೇನಾದ್ರೂ ಅಂದ್ನಾ?" ಅಂತ ಇನ್ನೂ ಕೇಳ್ತಾನೇ ಇದಾಳೆ. ನಂಗೂ ಸ್ವಲ್ಪ ಬೇಜಾರೇ. ದೊಡ್ಡ ದೊಡ್ಡ ಹಾಲಲ್ಲಿ ನುಡಿಸೋಳಿಗೆ ನಮ್ಮ ಪ್ಲಾಸ್ಟಿಕ್ ಕುರ್ಚಿ ಆಡಿಯನ್ಸು ಹಿಡಿಸ್ಲಿಲ್ವೇನೋ ಅಂದ್ಕೊಂಡೆ. ತಮಾಷೆಗೆ ಅಂದೆ ಬಿಡು.

ನೀನು ಮುಗಿಸಿ ಕಮಾನು ಕೆಳಗಿಟ್ಟು ನನ್ನನ್ನೇ ನೋಡಿ ಕೇಳಿದ್ಯಲ್ಲ, "ಅಣ್ಣ, ಹೇಗಿತ್ತು? ಮೊದಲಿನ ಥರಾನೇ ಇತ್ತಾ?" ಅಂತ. ಅವಾಗ ಹೇಳಿದ್ದನ್ನೇ ಈಗ್ಲೂ ಹೇಳ್ತೀನಿ. ಮೊದಲಿಗಿಂತ ಸೂಪರ್ ಆಗಿತ್ತು. ಮುನಿರಾಮಯ್ಯನೋರು ಕಣ್ಣೊರೆಸ್ಕೊಂಡ್ರು. ಸಿಂಚನಾ ವಿಡಿಯೋ ಮಾಡೋದನ್ನೇ ಮರೆತ್ಲು ಅಂದ್ರೆ ನೋಡ್ಕೊ.

ಪರೀಕ್ಷೆ ಚೆನ್ನಾಗಿ ಮಾಡು. ನಾನು ಹೇಳ್ತಾ ಇದೀನಿ, ನಿಂಗೇನೂ ಆಗಿಲ್ಲ.

ಸಂಪತ್


ಮುಂಬೈ
3 ಫೆಬ್ರವರಿ 2025

ಅಣ್ಣ,

ಅತ್ತಿಗೆಯ ತಪ್ಪೇನೂ ಇಲ್ಲ, ನಿಮ್ಮ ಕುರ್ಚಿಗಳದ್ದೂ ಇಲ್ಲ. ನಾನು ಅಲ್ಲಿ ಇನ್ನೊಂದು ಗಂಟೆ ಇದ್ದಿದ್ದರೆ ಎಲ್ಲರ ಮುಂದೆ ಅತ್ತುಬಿಡುತ್ತಿದ್ದೆ.

ಹೋದ ಶುಕ್ರವಾರ ರಾಜೀನಾಮೆ ಕೊಟ್ಟೆ. ಪರೀಕ್ಷೆಗೆ ಕೂರುವುದಿಲ್ಲ. ಅವರ ಚೆಲ್ಲೋ ಅವರಿಗೇ ಒಪ್ಪಿಸಿದೆ.

ಅವತ್ತು ಮಹಡಿಯಲ್ಲಿ ದಪ್ಪ ತಂತಿಯ ಮೇಲೆ ಕಮಾನು ಇಟ್ಟಾಗಲೇ ತಿಳಿಯಿತು. ಆ ಮೊಳಗು ಇರಲಿಲ್ಲ. ಯಾರೋ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ದನಿ ಬಂತು. ಹವೆ ಇರಬಹುದು, ತಂತಿ ಸಡಿಲವಾಗಿರಬಹುದು ಎಂದು ಮತ್ತೆ ಶ್ರುತಿ ಮಾಡಿದೆ. ಅದೇ. ಆಮೇಲೆ ನಿನ್ನನ್ನು ಕೇಳಿದೆ. ನೀನು ಮೊದಲಿಗಿಂತ ಚೆನ್ನಾಗಿತ್ತು ಎಂದೆ. ಎಲ್ಲರೂ ತಲೆ ಆಡಿಸಿದರು. ಅಂದರೆ ವಾದ್ಯ ಸರಿಯಾಗಿದೆ. ನಿಮಗೆಲ್ಲ ಕೇಳಿಸಿತು, ನನಗೊಬ್ಬಳಿಗೆ ಕೇಳಿಸಲಿಲ್ಲ. ಇನ್ನೇನು ಸಾಕ್ಷಿ ಬೇಕು?

ಮೊನ್ನೆ ಡಾಕ್ಟರು ಮತ್ತೆ ಯಂತ್ರ ಇಟ್ಟು ನೋಡಿ, ಹೋದ ವರ್ಷಕ್ಕಿಂತ ಒಂದಿಷ್ಟೂ ಇಳಿದಿಲ್ಲ, ಎಡಗಿವಿ ಚೆನ್ನಾಗಿಯೇ ಇದೆ ಎಂದರು. ನಾನು ಅವರ ಜೊತೆ ವಾದ ಮಾಡಲಿಲ್ಲ. ಯಂತ್ರಕ್ಕೆ ಆ ಚೆಲ್ಲೋ ಗೊತ್ತಿಲ್ಲ.

ನೀನು ಅವತ್ತು ನಿಜ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಪರದೆಯ ಹಿಂದೆ ಕೂತು ಮರ್ಯಾದೆ ಕಳೆದುಕೊಳ್ಳುತ್ತಿದ್ದೆ.

ಬಿಂದು


ಆರ್‌ಪಿಸಿ ಲೇಔಟ್
14 ಫೆಬ್ರವರಿ 2025

ಬಿಂದು,

ನಿನ್ನ ಕಾಗದ ಟೆಂಪೋದಲ್ಲಿ ಕೂತು ಓದ್ದೆ. ಓದಿ ತುಂಬಾ ಹೊತ್ತು ಗಾಡಿ ಸ್ಟಾರ್ಟ್ ಮಾಡ್ಲಿಲ್ಲ. ಹಿಂದಿನ ಆಟೋದೋನು "ಏನ್ ಗುರೂ, ಗಾಡಿ ಕೆಟ್ಟೋಯ್ತಾ ಇಲ್ಲ ನೀನ್ ಕೆಟ್ಟೋದ್ಯಾ?" ಅಂತ ಕೂಗ್ದ. ಎರಡೂ ಅಂದೆ.

ಹೋಗ್ಲಿ ಬಿಡಮ್ಮ. ವಾಪಸ್ ಬಂದ್ಬಿಡು. ಮಹಡಿ ರೂಮ್ ನಿಂದೇ. ಇಲ್ಲಿ ಮಕ್ಕಳಿಗೆ ಹೇಳ್ಕೊಡು. ವಿಜಯನಗರದಲ್ಲಿ ಗಲ್ಲಿಗೊಂದು ಡ್ಯಾನ್ಸ್ ಕ್ಲಾಸ್, ಕರಾಟೆ ಕ್ಲಾಸ್ ಇದೆ, ದೊಡ್ಡ ಪಿಟೀಲು ಕ್ಲಾಸ್ ಒಂದೂ ಇಲ್ಲ. ಬೋರ್ಡು ನಾನೇ ಬರೆಸ್ತೀನಿ. ನಿನ್ನ ಫೋಟೋ ಹಾಕ್ತೀನಿ, ರಾಜಕೀಯದೋರ ಥರ ಕೈ ಮುಗ್ದಿರೋದು.

ನೀನು ನಗ್ಲಿ ಅಂತ ಒಂದು ವಿಷಯ ಹೇಳ್ತೀನಿ. ಆವಾಗ ಬೈತೀಯ ಅಂತ ಹೇಳಿರ್ಲಿಲ್ಲ, ಈಗ ಹೆಂಗಿದ್ರೂ ಪರೀಕ್ಷೆ ಇಲ್ವಲ್ಲ. ಆಯುಧಪೂಜೆ ದಿನ ಬರೀ ಬೊಟ್ಟು ಇಟ್ಟೆ ಅಂದಿದ್ದು ಸುಳ್ಳು ಕಣೇ. ಮನೇಲಿರೋ ಹಗ್ಗ ಎಲ್ಲ ಬಿಚ್ಚಿ ನಿನ್ನದು ಮಾತ್ರ ಬಿಗಿದೇ ಇದ್ರೆ ಮನಸ್ಸು ಒಪ್ಪುತ್ತಾ? ಮುಖ್ಯವಾಗಿ ನಿನ್ನ ಕಿವಿ ಹುಷಾರಾಗ್ಲಿ ಅಂತ ಮಾಡ್ತಿರೋ ಪೂಜೆ. ನಾಲ್ಕು ತಂತಿನೂ ಒಟ್ಟಿಗೆ ಬಿಚ್ದೆ. ತಂತಿಗಳನ್ನ ಹೊತ್ಕೊಂಡಿರೋ ಮೇಲಿನ ಕುದುರೆ ಬಿದ್ದೋಯ್ತು. ಎತ್ತಿ ನೋಡಿದ್ರೆ ಹೊಟ್ಟೆ ಒಳಗೆ ಗಡಗಡ ಅಂತ ಸದ್ದು! ಬೋರಲು ಹಾಕಿ ಅಲ್ಲಾಡ್ಸಿದೆ, ಆ ಸೊಟ್ಟ ತೂತಿಂದ ಒಂದು ಕಡ್ಡಿ ಬಂತು. ಗೇಣುದ್ದ ಇಲ್ಲ, ಬೆರಳು ದಪ್ಪ. ಯಾವನೋ ಬಡಗಿ ಮಾಡ್ವಾಗ ಒಳಗೇ ಮರ್ತೋಗಿದಾನೆ! ನಿನ್ನ ಮೇಷ್ಟ್ರಿಗೂ ಗೊತ್ತಾಗಿಲ್ಲ, ನಿಂಗೂ ಗೊತ್ತಾಗಿಲ್ಲ, ಏಳನೇ ಕ್ಲಾಸೋನು ಕಂಡುಹಿಡ್ದೆ ನೋಡು.

ಮಾರನೇ ದಿನ ಕುದುರೆ ನಿಲ್ಸಿ ತಂತಿ ಎಲ್ಲ ವಾಪಸ್ ಕಟ್ಟಿದೀನಿ. ಬಿಗಿಯೋದು ನಂಗೆ ಯಾರು ಹೇಳ್ಕೊಡ್ಬೇಕು? ಕಡ್ಡಿ ವೇಸ್ಟ್ ಆಗಿಲ್ಲ. ಸಿಂಚನಾ ರೂಮಿನ ಕಿಟಕಿ ಗಾಳಿಗೆ ಬಡ್ಕೊಳ್ತಿತ್ತು, ಸಂದಿಗೆ ಸಿಕ್ಕಿಸಿದೀನಿ. ಅಳತೆ ಕೊಟ್ಟು ಮಾಡಿಸ್ದಂಗೆ ಕೂತಿದೆ.

ನಕ್ಯಾ? ಬೇಗ ಬಾ.

ಸಂಪತ್


ಮುಂಬೈ
22 ಫೆಬ್ರವರಿ 2025

ಅಣ್ಣ,

ಇದನ್ನು ನಿನಗೆ ಕಳಿಸುವುದಿಲ್ಲ. ಎಲ್ಲಾದರೂ ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅದು ಬಡಗಿ ಮರೆತ ಚೂರಲ್ಲ ಅಣ್ಣ. ಕುದುರೆಯ ಕೆಳಗೆ, ಹೊಟ್ಟೆಯೊಳಗೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲುವ ಕಂಬ ಅದು. ಅದಕ್ಕೆ ಗೋಂದು ಇಲ್ಲ, ಮೊಳೆ ಇಲ್ಲ. ಮೇಲಿನ ತಂತಿಗಳ ಬಿಗಿಯೇ ಅದನ್ನು ನಿಲ್ಲಿಸಿರುತ್ತದೆ. ತಂತಿಯ ನಡುಕ ಅದರ ಮೂಲಕ ಇಳಿದರೆ ಮಾತ್ರ ಇಡೀ ವಾದ್ಯ ಮೊಳಗುತ್ತದೆ. ಅದಕ್ಕೇ ಒಂದೊಂದೇ ತಂತಿ ಬಿಚ್ಚಬೇಕು, ನಾಲ್ಕನ್ನೂ ಒಟ್ಟಿಗೆ ಯಾರೂ ಬಿಚ್ಚುವುದಿಲ್ಲ. ನಿನಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾಗುತ್ತದೆ? ಎಲ್ಲ ಕಡೆಯ ಹಗ್ಗ ಒಟ್ಟಿಗೆ ಬಿಟ್ಟರೆ ಶಾಮಿಯಾನದ ನಡುಗಂಬ ನಿಲ್ಲುತ್ತದೆಯೇ?

ಸಂಕ್ರಾಂತಿಯ ದಿನ ನನ್ನ ಕಿವಿಗೆ ಏನೂ ಆಗಿರಲಿಲ್ಲ. ನಾನು ಕೇಳಿದ್ದು ಸರಿಯಾಗಿಯೇ ಇತ್ತು. ಸತ್ತ ವಾದ್ಯ ಸತ್ತ ಹಾಗೆಯೇ ಕೇಳಿಸಿತು. ನನ್ನ ಜಾಗದಲ್ಲಿ ಆಗಷ್ಟೇ ಕಲಿಯುವ ಹುಡುಗಿ ಇದ್ದಿದ್ದರೂ ಮೊಬೈಲ್ ಬೆಳಕು ಬಿಟ್ಟು ತೂತಿನೊಳಗೆ ಇಣುಕುತ್ತಿದ್ದಳು. ನಾನು ಇಣುಕಲಿಲ್ಲ. ತಪ್ಪು ನನ್ನಲ್ಲೇ ಇದೆ ಎಂದು ತೀರ್ಮಾನ ಮಾಡಿಕೊಂಡೇ ರೈಲು ಹತ್ತಿದ್ದೆ.

ಆಫೀಸಿಗೆ ಹೋಗಿ ಕೇಳಿದೆ. ಪರೀಕ್ಷೆ ಮುಗಿದಿದೆ, ನನ್ನ ಕುರ್ಚಿಗೆ ಬೇರೆಯವರು ಬಂದಿದ್ದಾರೆ. ಮ್ಯಾನೇಜರು ಒಳ್ಳೆಯವರು, "ಮೂರು ವರ್ಷ ಬಿಟ್ಟು ಬನ್ನಿ" ಎಂದರು. ಡಾಕ್ಟರು ಈ ಎಡಗಿವಿ ಎಷ್ಟು ದಿನವೋ ಹೇಳಲಾರೆ, ಇದ್ದಷ್ಟು ದಿನ ನುಡಿಸಿಬಿಡಿ ಎಂದಿದ್ದರು. ಆ ಇದ್ದಷ್ಟು ದಿನವನ್ನು ನಾನೇ ಎತ್ತಿ ಕೊಟ್ಟುಬಿಟ್ಟೆ.

ಇಷ್ಟನ್ನೂ ನಿನಗೆ ಹೇಳಿದರೆ ನೀನು ಇನ್ನು ಯಾವತ್ತೂ ನಗುವುದಿಲ್ಲ. ನಮ್ಮ ಮನೆಯಲ್ಲಿ ನಗುವವನು ನೀನೊಬ್ಬನೇ ಉಳಿದಿರುವುದು.

ಒಂದೇ ಒಂದು ತಿಳಿಯುತ್ತಿಲ್ಲ. ಕಂಬ ಬಿದ್ದ ಚೆಲ್ಲೋ ಯಾರ ಕಿವಿಗೂ ಚೆನ್ನಾಗಿ ಕೇಳಿಸುವುದಿಲ್ಲ. ನಿನಗೆ ಹೇಗೆ ಕೇಳಿಸಿತು?


ಮುಂಬೈ
23 ಫೆಬ್ರವರಿ 2025

ಅಣ್ಣ,

ನಿನ್ನ ಕಾಗದ ಓದಿ ನಕ್ಕೆ.

ಬರುತ್ತೇನೆ. ಇಲ್ಲಿ ಮನೆ ಖಾಲಿ ಮಾಡಲು ಏಪ್ರಿಲ್ ಆಗಬಹುದು. ಬೋರ್ಡಿಗೆ ಫೋಟೋ ಬೇಡ. ಚೆಲ್ಲೋ ಈಗ ಹೇಗಿದೆಯೋ ಹಾಗೇ ಇರಲಿ, ತಂತಿಗಳನ್ನು ಮಾತ್ರ ಸ್ವಲ್ಪ ಸಡಿಲ ಮಾಡಿಡು. ಕಿಟಕಿಯ ಕಡ್ಡಿಯನ್ನು ತೆಗೆದು ಒಂದು ಬಟ್ಟೆಯಲ್ಲಿ ಸುತ್ತಿಡು, ನನಗೊಂದು ಕೆಲಸಕ್ಕೆ ಬೇಕು.

ಇನ್ನೊಂದು ಮಾತು. ಈಗ ಎಲ್ಲ ಮುಗಿದಿದೆ, ನನಗೆ ಬೇಜಾರಾಗುವುದಿಲ್ಲ. ಸಂಕ್ರಾಂತಿಯ ದಿನ ನಾನು ನುಡಿಸಿದ್ದು ನಿನಗೆ ನಿಜವಾಗಿ ಹೇಗೆ ಕೇಳಿಸಿತು? ಸುಮ್ಮನೆ ತಿಳಿಯುವ ಆಸೆ.

ಬಿಂದು


ಆರ್‌ಪಿಸಿ ಲೇಔಟ್
4 ಮಾರ್ಚ್ 2025

ಬಿಂದು,

ಏಪ್ರಿಲ್ ಅಂದಿದ್ದು ಓದಿ ಲತಾ ಆಗ್ಲೇ ಮಹಡಿ ರೂಮಿಗೆ ಸುಣ್ಣ ಹೊಡಿಸ್ಬೇಕು ಅಂತ ಕೂತಿದಾಳೆ. ಯಾವ ಬಣ್ಣ ಅಂತ ಕೇಳಿದ್ಲು, ಬಿಳಿ ಅಂದೆ. "ಬಿಳಿ ಕೊಳೆ ಆಗುತ್ತೆ, ನಿಮ್ಮ ಬುದ್ಧಿ ಥರ" ಅಂದ್ಲು. ನೀನು ಬಂದ್ರೆ ನನ್ನ ಕಡೆ ಒಂದು ಓಟು ಬೀಳುತ್ತೆ.

ಕಡ್ಡಿ ತೆಗೆದು ಇಟ್ಟಿದೀನಿ. ಸಿಂಚನಾ ಕಿಟಕಿಗೆ ಪೇಪರ್ ಮಡಿಚಿ ಸಿಕ್ಕಿಸ್ಕೊಂಡಿದಾಳೆ.

ಅವತ್ತು ಹೆಂಗೆ ಕೇಳಿಸ್ತು ಅಂತ ಕೇಳಿದೀಯ. ಈಗ ಎಲ್ಲ ಮುಗಿದೋಗಿದೆ, ಹೇಳೋಕೇನು. ನಿಜ ಹೇಳ್ಬೇಕು ಅಂದ್ರೆ ಚೆನ್ನಾಗಿರ್ಲಿಲ್ಲ ಕಣಮ್ಮ. ನಿನ್ನ ಕೈಯೆಲ್ಲ ಮೊದಲಿನ ಥರಾನೇ ಓಡ್ತಿತ್ತು, ದನಿ ಮಾತ್ರ ಖಾಲಿ ನೀರಿನ ಡ್ರಮ್ಮಿನೊಳಗಿಂದ ಬಂದಂಗಿತ್ತು. ಲತಾ ನನ್ನ ಪಕ್ಕೆಗೆ ತಿವಿದು "ಏನ್ರೀ, ಹಿಂಗಿದೆ?" ಅಂದ್ಲು, ನಾನೇ ಕಣ್ಣಲ್ಲಿ ಬಾಯಿ ಮುಚ್ಚಿಸ್ದೆ. ಮುನಿರಾಮಯ್ಯನೋರು ಕಣ್ಣೊರೆಸ್ಕೊಂಡಿದ್ದು ತೂಕಡಿಸಿ ಎದ್ದಿದ್ದಕ್ಕೆ.

ಮಂಕಾಗಿದೆ ಅಂತ ನಾನು ಅಂದಿದ್ರೆ ನೀನು ಕಿವಿ ಹೋಯ್ತು ಅಂತ ಅಲ್ಲೇ ಕುಸಿದು ಹೋಗ್ತಿದ್ದೆ. ಪರೀಕ್ಷೆಗೆ ಧೈರ್ಯ ಬರ್ಲಿ ಅಂತ ಸೂಪರ್ ಅಂದೆ. ಚಪ್ಪಾಳೆ ಎಲ್ರಿಗಿಂತ ಜೋರಾಗಿ ಹೊಡೆದೆ. ಅಷ್ಟು ಮಾಡಿದ್ರೂ ನಿಂಗೆ ಗೊತ್ತಾಗೇ ಹೋಯ್ತಲ್ಲ, ಕಂಬಳಿ ಹೊದ್ದಂಗೆ ಕೇಳಿಸ್ತು ಅಂತ ನೀನೇ ಬರೆದಿದೀಯ. ನಂಗೂ ಅದೇ ಥರಾನೇ ಕೇಳಿಸಿದ್ದು. ಲತಾಗೂ ಅದೇ ಥರಾನೇ.

ಇಷ್ಟು ಬರೆದು ಮೇಲಿಂದ ಇನ್ನೊಂದ್ ಸಲ ಓದ್ದೆ.

ಬಿಂದು, ನಮ್ಮ ಕಿವಿಗೆ ಏನೂ ಆಗಿಲ್ವಲ್ಲಮ್ಮ.

ನಿಂಗೆ ಕೇಳಿಸಿದ್ದೇ ನಮಗೂ ಕೇಳಿಸಿದೆ ಅಂದ್ರೆ, ನಿನ್ನ ಕಿವಿ ಸರಿಯಾಗೇ ಇತ್ತು ಅಂತ ತಾನೇ? ನಾನು ಅವತ್ತು ಹೌದು ಕಣೇ, ಚೆನ್ನಾಗಿಲ್ಲ ಅಂದಿದ್ರೆ ನೀನು

ಲತಾ ಊಟಕ್ಕೆ ಕರೀತಾ ಇದಾಳೆ. "ಮುದ್ದೆ ಆರಿಹೋಗುತ್ತೆ, ಎಷ್ಟು ಸಲ ಕೂಗ್ಲಿ ರೀ, ಕಿವಿ ಕೇಳ್ಸಲ್ವಾ?" ಅಂತಿದಾಳೆ.

ಕೇಳಿಸ್ತಾ ಇದೆ. ಹೋಗ್ತೀನಿ.